ವಾರಪತ್ರಿಕೆ ಪರದೆಯ ಮೇಲೆ, ಮಾಸಪತ್ರಿಕೆ ಕೈಯಲ್ಲಿ

ಶಿರಸಿ ಪೇಟೆಯಿಂದ ದೂರದ ಅಡಿಕೆ ಸೀಮೆಯ ಹಳ್ಳಿಗಳಲ್ಲಿ ಅಂಚೆಯ ಮೂಲಕ ಪತ್ರಿಕೆ ತರಿಸುವವರಿಗೆ ಮಳೆಗಾಲವೆಂದರೆ ಕಾಯುವ ಕಾಲ. ವಾರಪತ್ರಿಕೆಯ ಒಂದು ಸಂಚಿಕೆ ತಡವಾಗಿ, ಮುಂದಿನ ಸಂಚಿಕೆಯ ಜೊತೆಗೇ, ಅಂಚು ಒದ್ದೆಯಾಗಿ ಕೈಸೇರುವುದು ನಮ್ಮಲ್ಲಿ ಸಾಮಾನ್ಯ. ಧಾರಾವಾಹಿಯ ಎರಡು ಕಂತುಗಳನ್ನು ಒಟ್ಟಿಗೆ ಓದಬಹುದೆಂಬ ಸಮಾಧಾನವನ್ನು ಬಿಟ್ಟರೆ ಅದರಿಂದ ಬೇರೆ ಲಾಭವಿರಲಿಲ್ಲ. ಮನೆಗೆ ಒಳ್ಳೆಯ ಇಂಟರ್ನೆಟ್ ಸಂಪರ್ಕ ಬಂದ ಮೇಲೆ ನಾನು ವಾರಪತ್ರಿಕೆಗಳ ಅಂಚೆ ಚಂದಾ ನಿಲ್ಲಿಸಿ ಡಿಜಿಟಲ್ ಚಂದಾ ಮಾಡಿಸಿದೆ. ಕೃಷಿ ಮಾಸಪತ್ರಿಕೆಗಳನ್ನೂ ಹಬ್ಬದ ವಿಶೇಷಾಂಕಗಳನ್ನೂ ಮುದ್ರಿತ ರೂಪದಲ್ಲಿಯೇ ಉಳಿಸಿಕೊಂಡೆ. ಒಂದು ಬರಹವನ್ನು ಒಮ್ಮೆ ಓದಿ ಬಿಡುತ್ತೇನೆಯೋ, ಮತ್ತೆ ಹುಡುಕಿಕೊಂಡು ಬರುತ್ತೇನೆಯೋ ಎಂಬ ಪ್ರಶ್ನೆಯೇ ಈ ಹಂಚಿಕೆಯನ್ನು ನಿರ್ಧರಿಸಿತು.

ಕನ್ನಡ ವಾರಪತ್ರಿಕೆಗಳ ಡಿಜಿಟಲ್ ಆವೃತ್ತಿಯೆಂದು ನಮಗೆ ಸಿಗುವುದು ಬಹುಮಟ್ಟಿಗೆ ಅಚ್ಚಿಗೆ ಹೋದ ಪುಟದ ಯಥಾಪ್ರತಿ. ಕಾದಂಬರಿಯ ಇ-ಪುಸ್ತಕದಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಇಲ್ಲಿ ಹಾಗಾಗುವುದಿಲ್ಲ, ಪುಟವೇ ಇಡಿಯಾಗಿ ಹಿಗ್ಗುತ್ತದೆ. ಹಾಗಾಗಿ ಮೂರು ಕಾಲಂಗಳ ಪುಟವನ್ನು ಮೊಬೈಲಿನಲ್ಲಿ ಓದುವವರು ಒಂದು ಕಾಲಂನಲ್ಲಿ ಕೆಳಗಿಳಿದು, ಮತ್ತೆ ಮೇಲೇರಿ, ಬಲಕ್ಕೆ ಸರಿದು, ಪುನಃ ಇಳಿಯಬೇಕು. ಸಣ್ಣ ಕಥೆಯೊಂದು ಮುಗಿಯುವುದರೊಳಗೆ ಕಥೆಗಿಂತ ಬೆರಳಿನ ಕಡೆಗೇ ಹೆಚ್ಚು ಗಮನ ಹೋಗಿರುತ್ತದೆ. ಎ4 ಅಳತೆಗೆ ಸಮೀಪದ ಪುಟವನ್ನು 10 ಅಂಗುಲದ ಟ್ಯಾಬ್ಲೆಟ್‌ನಲ್ಲಿ ನೆಟ್ಟಗೆ ಹಿಡಿದು ಪೂರ್ತಿಯಾಗಿ ಕಾಣುವಂತೆ ಇಟ್ಟರೂ ಅದು ಮೂರನೇ ಎರಡು ಪಾಲಿನಷ್ಟಕ್ಕೆ ಕುಗ್ಗುತ್ತದೆ. 11 ಪಾಯಿಂಟಿನ ಅಕ್ಷರ ಏಳು ಚಿಲ್ಲರೆ ಪಾಯಿಂಟಿಗೆ ಇಳಿಯುತ್ತದೆ. ಅದೇ ಟ್ಯಾಬ್ಲೆಟ್ಟನ್ನು ಅಡ್ಡಲಾಗಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ ಕಾಗದದ ಅಗಲಕ್ಕೆ ಸಮನಾಗುವುದರಿಂದ ಅರ್ಧ ಪುಟ ಅಚ್ಚಿನ ಗಾತ್ರದಲ್ಲಿಯೇ ಕಾಣುತ್ತದೆ. ನಾನು ಹೀಗೆ ಅರ್ಧರ್ಧ ಪುಟವಾಗಿಯೇ ಓದುತ್ತೇನೆ. 1956ರಿಂದ ಹುಬ್ಬಳ್ಳಿಯಲ್ಲಿ ಪ್ರಕಟವಾದ ‘ಕಸ್ತೂರಿ’ಯಂತಹ ಕೈಹೊತ್ತಿಗೆ ಗಾತ್ರದ ಮಾಸಪತ್ರಿಕೆಯ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಈ ತೊಂದರೆ ಬರಲೇ ಇಲ್ಲ, ಆ ಪುಟ ಟ್ಯಾಬ್ಲೆಟ್‌ನಲ್ಲಿ ಅಳೆದಿಟ್ಟಂತೆ ಕೂರುತ್ತದೆ. ಪರದೆಯ ಓದಿನ ಬಗ್ಗೆ ಜನರು ಹೇಳುವ ದೂರುಗಳಲ್ಲಿ ಅರ್ಧದಷ್ಟು ನಿಜವಾಗಿ ಪುಟದ ಗಾತ್ರಕ್ಕೆ ಸಂಬಂಧಿಸಿದವು ಎಂದು ನನಗನಿಸುವುದು ಇದರಿಂದಲೇ.

ಕನ್ನಡ ಲಿಪಿಯ ಸ್ವಭಾವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ತೂಗಾಡುವಂಥವು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಪುಟ್ಟ ಗೆರೆಯಷ್ಟೇ. ಬೇಗನೆ ಡೌನ್‌ಲೋಡ್ ಆಗಲೆಂದು ಚಿತ್ರದ ಗುಣಮಟ್ಟವನ್ನು ತಗ್ಗಿಸಿ ಕೊಟ್ಟ ಸಂಚಿಕೆಗಳಲ್ಲಿ ಮೊದಲು ಮಾಯವಾಗುವುದು ಆ ಗೆರೆಯೇ. ಓದುವ ಅಭ್ಯಾಸವಿದ್ದವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ, ಆದರೆ ಊಹಿಸುವ ಶ್ರಮವೇ ಕಣ್ಣಿಗೆ ಆಯಾಸವಾಗಿ ತೋರುತ್ತದೆ. ಆದ್ದರಿಂದ ಯಾವ ಪತ್ರಿಕೆಗಾದರೂ ವರ್ಷದ ಡಿಜಿಟಲ್ ಚಂದಾ ಕಟ್ಟುವ ಮೊದಲು ಬಿಡಿ ಸಂಚಿಕೆಯೊಂದನ್ನು ಕೊಂಡು, ಒಳಪುಟದ ಸಣ್ಣ ಅಕ್ಷರದ ಬರಹವೊಂದನ್ನು ಹಿಗ್ಗಿಸಿ, ಮಹಾಪ್ರಾಣಗಳೂ ಒತ್ತುಗಳೂ ಸ್ಪಷ್ಟವಾಗಿವೆಯೇ ಎಂದು ನೋಡುತ್ತೇನೆ.

ಚಿತ್ರಗಳ ವಿಷಯದಲ್ಲಿ ಮಾತ್ರ ಪರದೆಯೇ ಮೇಲು. ಮಲೆನಾಡಿನ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದ ದಿನಗಳಲ್ಲಿ ಪತ್ರಿಕೆಗಳಲ್ಲಿ ಅದರ ಚಿತ್ರಗಳು ಬರುತ್ತಿದ್ದವು. ಸಾದಾ ಕಾಗದದ ಮೇಲೆ ಕಂದು ಚುಕ್ಕಿಯೂ ಅದರ ಸುತ್ತಲಿನ ಹಳದಿ ಉಂಗುರವೂ ಒಂದರೊಳಗೊಂದು ಕಲಸಿಹೋಗಿ ಇಡೀ ಎಲೆಯೇ ಮಾಸಿದಂತೆ ಕಾಣುತ್ತಿತ್ತು. ಪರದೆಯಲ್ಲಿ ಹಿಗ್ಗಿಸಿದಾಗ ಎರಡೂ ಬೇರೆಬೇರೆಯಾಗಿ ಕಂಡು, ನಮ್ಮ ತೋಟದ ಎಲೆಯನ್ನು ಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯವಾಯಿತು.

ಆದರೂ ಕೃಷಿ ಪತ್ರಿಕೆಗಳನ್ನು ನಾನು ಕಾಗದದಲ್ಲಿಯೇ ತರಿಸುವುದಕ್ಕೆ ಕಾರಣ, ಹುಡುಕುವ ವಿಷಯದಲ್ಲಿ ಡಿಜಿಟಲ್ ಕನ್ನಡ ಕೊಡುವ ನಿರಾಸೆ. ಪತ್ರಿಕೆ ಡಿಜಿಟಲ್ ಆದರೆ ಹಳೆಯ ಲೇಖನ ಕ್ಷಣದಲ್ಲಿ ಸಿಗುತ್ತದೆಂದು ಎಲ್ಲರೂ ಭಾವಿಸುತ್ತಾರೆ; ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ನಿಜವೂ ಹೌದು. ಆದರೆ ಕನ್ನಡದ ಪುಟವಿನ್ಯಾಸ ಬಹುಕಾಲ ನಡೆದುಬಂದಿರುವುದು ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ರೋಮನ್ ಅಕ್ಷರದ ಸ್ಥಾನದಲ್ಲಿ ಕೂರಿಸಿರುತ್ತಾರೆ. ಕಣ್ಣಿಗೆ ‘ಅಡಿಕೆ’ ಎಂದು ಕಂಡರೂ ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನ ಕೀಲಿಮಣೆಯಲ್ಲಿ ‘ಅಡಿಕೆ’ ಎಂದು ಬರೆದು ಹುಡುಕಿದರೆ ಕಣ್ಣೆದುರಿಗೇ ಇರುವ ಪದವೂ ಸಿಗುವುದಿಲ್ಲ. ಭಾಗವನ್ನು ನಕಲಿಸಿ ಬೇರೆಡೆಗೆ ಅಂಟಿಸಿದರೆ ಗೋಜಲು ಬರುತ್ತದೆ. ಪುಟವನ್ನು ಬರಿಯ ಚಿತ್ರವಾಗಿ ಕೊಟ್ಟಿದ್ದರಂತೂ ನಕಲಿಸಲು ಅಕ್ಷರವೇ ಇರುವುದಿಲ್ಲ. ಹೀಗಾಗಿ ಹಳೆಯ ಡಿಜಿಟಲ್ ಸಂಚಿಕೆಗಳಲ್ಲಿ ಒಂದು ಲೇಖನವನ್ನು ಹುಡುಕುವವನು ಮುಖಪುಟಗಳನ್ನು ಒಂದೊಂದಾಗಿ ಸರಿಸುತ್ತ ಕೂರಬೇಕು. ಕಪಾಟಿನ ಮುಂದೆ ನಿಂತು ಕಟ್ಟು ಬಿಚ್ಚುವುದಕ್ಕಿಂತ ಇದು ನಿಧಾನದ ಕೆಲಸ, ಏಕೆಂದರೆ ಕಾಗದದ ಸಂಚಿಕೆಯಲ್ಲಿ ಲೇಖನ ಎಡಪುಟದಲ್ಲಿತ್ತೆಂಬುದೂ ಪಕ್ಕದಲ್ಲಿ ಯಾವ ಜಾಹೀರಾತಿತ್ತೆಂಬುದೂ ನೆನಪಿನಲ್ಲಿ ಉಳಿದಿರುತ್ತದೆ.

ನನಗೆ ಮತ್ತೆಮತ್ತೆ ಬೇಕಾಗುವ ಬರಹಗಳು ಎಂಥವೆಂದು ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. ಅಡಿಕೆ ಕಾಯಿಗೆ ಬರುವ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಸ್ವಚ್ಛವಾದ ಕಬ್ಬಿಣದ ಚೂರಿಯನ್ನು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಇಷ್ಟು ಎಲ್ಲ ಬೆಳೆಗಾರರಿಗೂ ಗೊತ್ತು. ಆದರೆ ಸುಣ್ಣದ ಗುಣ ಕೆಟ್ಟಿದ್ದಾಗ ಏನು ಮಾಡಿದರು, ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡರು ಸಿಗದ ವರ್ಷ ಕಾರ್ಬನ್ ಫೈಬರ್ ದೋಟಿಯಿಂದ (ಉದ್ದ ಕೋಲಿನಿಂದ) ನೆಲದಲ್ಲೇ ನಿಂತು ಹೇಗೆ ಹೊಡೆದರು ಎಂಬಂತಹ ವಿವರಗಳು ಇನ್ನೊಬ್ಬ ಬೆಳೆಗಾರನ ಅನುಭವ ಲೇಖನದಲ್ಲಿಯೇ ಸಿಗಬೇಕು. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತರಿಂದಲೇ ಬರೆಸುವ ಕ್ರಮವನ್ನು ರೂಢಿಸಿದ್ದರಿಂದ ಅದರ ಹಳೆಯ ಸಂಚಿಕೆಗಳು ನಮ್ಮಂಥವರ ಮನೆಗಳಲ್ಲಿ ರದ್ದಿಗೆ ಹೋಗುವುದು ಕಡಿಮೆ. ಔಷಧ ಕಲಸುವ ಅಂಗಳಕ್ಕೆ ಆ ಸಂಚಿಕೆಯನ್ನು ಒಯ್ಯಬಹುದು, ಅಂಚಿನಲ್ಲಿ ನಮ್ಮ ತೋಟದ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದಿಡಬಹುದು. ಸುಣ್ಣದ ಕೈಯಲ್ಲಿ ಟ್ಯಾಬ್ಲೆಟ್ ಮುಟ್ಟುವ ಧೈರ್ಯ ನನಗಿಲ್ಲ.

ಕಾಗದಕ್ಕೂ ಅದರದೇ ಶತ್ರುಗಳಿವೆ. ಅಗ್ಗದ ಮುದ್ರಣ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಅದು ಗಾಳಿ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೆ ನಮ್ಮ ಸೀಮೆಯ ತೇವ, ಬೂಷ್ಟು, ಗೆದ್ದಲು ಸೇರಿಕೊಳ್ಳುತ್ತವೆ. ನಡುವಿನ ಪಿನ್ನು ತುಕ್ಕು ಹಿಡಿದು ಮಧ್ಯದ ಪುಟಗಳನ್ನು ತಿನ್ನುತ್ತದೆ. ಅದಕ್ಕಾಗಿ ಉಳಿಸಲೇಬೇಕಾದ ಲೇಖನಗಳನ್ನು ನಾನು ಸ್ಕ್ಯಾನ್ ಮಾಡುತ್ತೇನೆ. ಪಿನ್ನು ತೆಗೆದು, ಹಾಳೆಯನ್ನು ಮಟ್ಟಸವಾಗಿ ಹಾಸಿ, ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದರೂ ಸಾಕಾಗುತ್ತದೆ. ಆ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಯೂನಿಕೋಡ್‌ನಲ್ಲಿ ದೊರೆಯುತ್ತದೆ. ಇಡೀ ಪುಟವನ್ನು ಕೊಟ್ಟರೆ ಪಕ್ಕದ ಕಾಲಂನ ಸಾಲುಗಳು ಬೆರೆತುಹೋಗುವುದುಂಟು. ಒಂದೊಂದೇ ಕಾಲಂ ಕತ್ತರಿಸಿ ಕೊಟ್ಟರೆ ಫಲಿತಾಂಶ ಚೆನ್ನಾಗಿರುತ್ತದೆ. ಅಕ್ಷರದೋಷಗಳನ್ನೆಲ್ಲ ತಿದ್ದುವ ಗೋಜಿಗೆ ನಾನು ಹೋಗುವುದಿಲ್ಲ, ಹುಡುಕಲು ನಾಲ್ಕು ಮುಖ್ಯ ಪದಗಳು ಸರಿಯಿದ್ದರೆ ಆಯಿತು. ಅಂಕಿಗಳನ್ನು ಮಾತ್ರ ಮೂಲದೊಂದಿಗೆ ತಾಳೆ ನೋಡಲೇಬೇಕು: ನೂರು ಲೀಟರಿನ ಒಂದು ಸೊನ್ನೆ ಬಿದ್ದುಹೋದರೆ ದ್ರಾವಣ ಹತ್ತುಪಟ್ಟು ಗಟ್ಟಿಯಾಗಿ ಅಡಿಕೆ ಗೊನೆ ಸುಟ್ಟುಹೋದೀತು. ಕಡತದ ಹೆಸರಿನಲ್ಲಿ ವಿಷಯ, ಪತ್ರಿಕೆ, ತಿಂಗಳು, ವರ್ಷ ಇಷ್ಟನ್ನೂ ಕನ್ನಡದಲ್ಲಿಯೇ ಬರೆಯುತ್ತೇನೆ. ಈಗ ‘ಕೊಳೆ’ ಎಂದು ಹುಡುಕಿದರೆ ಸಾಕು.

ಡಿಜಿಟಲ್ ಚಂದಾದ ಇನ್ನೊಂದು ಮಿತಿ, ಅದು ಓದುವ ಅನುಮತಿಯೇ ಹೊರತು ಸಂಚಿಕೆಯ ಒಡೆತನವಲ್ಲ ಎಂಬುದು. ಅಮೆಜಾನ್‌ನಂತಹ ದೊಡ್ಡ ಸಂಸ್ಥೆಯೇ 2023ರಲ್ಲಿ ತನ್ನ ಇ-ಓದು ಸಾಧನ ಕಿಂಡಲ್‌ಗೆ ಬರುತ್ತಿದ್ದ ಪತ್ರಿಕೆಗಳ ಬಿಡಿ ಮಾರಾಟ ಹಾಗೂ ಚಂದಾ ವ್ಯವಸ್ಥೆಯನ್ನು ನಿಲ್ಲಿಸಿತು. ಹಾಗಿರುವಾಗ ಹತ್ತು ವರ್ಷದ ನಂತರವೂ ಬೇಕೆನಿಸುವ ಬರಹವನ್ನು ಆ್ಯಪ್ ಒಂದರ ಭರವಸೆಯ ಮೇಲೆ ಬಿಡುವುದು ಜಾಣತನವಾಗಿ ನನಗೆ ತೋರುವುದಿಲ್ಲ. ವಾರದ ರಾಜಕೀಯ ವಿಶ್ಲೇಷಣೆ, ಸಿನಿಮಾ ಪುಟ, ಭವಿಷ್ಯ ಇವು ಹೋದರೆ ಹೋಗಲಿ; ಅವಕ್ಕೆ ಪರದೆಯೇ ತಕ್ಕದ್ದು, ಮನೆಯಲ್ಲಿ ರದ್ದಿಯೂ ಬೆಳೆಯುವುದಿಲ್ಲ.

ಮನೆಮಂದಿಯ ಲೆಕ್ಕ ಬೇರೆ. ಕಾಗದದ ವಾರಪತ್ರಿಕೆ ಬರುತ್ತಿದ್ದಾಗ ಮಧ್ಯಾಹ್ನ ಅಮ್ಮ ಧಾರಾವಾಹಿ ಓದಿ, ಸಂಜೆ ಮಗಳು ಪದಬಂಧ ತುಂಬಿ, ರಾತ್ರಿ ನನ್ನ ಕೈಗೆ ಬರುತ್ತಿತ್ತು. ಟ್ಯಾಬ್ಲೆಟ್ ಒಬ್ಬರ ಕೈಯಲ್ಲಿದ್ದರೆ ಉಳಿದವರಿಗೆ ಅದು ಇಲ್ಲ, ಪದಬಂಧದ ಮನೆಗಳಲ್ಲಿ ಬರೆಯಲೂ ಬರುವುದಿಲ್ಲ. ಅಮ್ಮನಿಗೆ ಅಕ್ಷರ ಹಿಗ್ಗಿಸಿಕೊಳ್ಳುವ ಅನುಕೂಲ ಬಹಳ ಇಷ್ಟವಾಗಿದೆ, ಆದರೂ ದೀಪಾವಳಿ ಮತ್ತು ಯುಗಾದಿ ವಿಶೇಷಾಂಕಗಳನ್ನು ಅಚ್ಚಿನಲ್ಲಿಯೇ ತರಬೇಕೆಂದು ಅವರು ಮೊದಲೇ ತಾಕೀತು ಮಾಡಿದ್ದಾರೆ. ನನ್ನ ಅಭಿಪ್ರಾಯವೂ ಅದೇ: ಕಥಾಸ್ಪರ್ಧೆಯ ಕಥೆಗಳು ವರ್ಷಪೂರ್ತಿ ಓದುವಂಥವು, ನೆಂಟರು ಬಂದಾಗ ಕೈಗೆ ಕೊಡುವಂಥವು. ಈ ವಿಶೇಷಾಂಕಗಳಿಗೆ ಅಂಚೆಯನ್ನು ನೆಚ್ಚದೆ, ಹಬ್ಬಕ್ಕೆ ಮುಂಚೆಯೇ ಪೇಟೆಯ ಪತ್ರಿಕೆ ಅಂಗಡಿಯಲ್ಲಿ ಹೇಳಿಟ್ಟು, ಅಡಿಕೆ ವ್ಯವಹಾರಕ್ಕೆಂದು ಶಿರಸಿಗೆ ಹೋದ ದಿನ ತರುತ್ತೇನೆ.