ತೆರಿಗೆಯ ಜಗಳದಿಂದ ಸರ್ಕಾರದವರೆಗೆ: ಅಮೆರಿಕ ದೇಶವಾದ ಬಗೆ

ಒಂದು ವಸಾಹತು ತನ್ನ ಒಡೆಯರಿಂದ ಬಿಡಿಸಿಕೊಂಡು ದೇಶವಾಗುವುದು ಹೇಗೆ? ಅಮೆರಿಕದ ಹದಿಮೂರು ವಸಾಹತುಗಳು ನಡೆದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ತೆರಿಗೆ ಎಂಬ ಒಂದೇ ಎಳೆಯನ್ನು ಹಿಡಿದುಕೊಂಡರೆ 1765ರಿಂದ 1789ರವರೆಗಿನ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲ ಹೆಜ್ಜೆ: ಒಪ್ಪುವುದಿಲ್ಲ ಎನ್ನುವುದು

ಫ್ರಾನ್ಸ್ ಜೊತೆಗಿನ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಅಮೆರಿಕದಲ್ಲಿರುವ ಸೇನೆಯ ಖರ್ಚಿಗೆ ಅಲ್ಲಿನವರಿಂದಲೇ ಹಣ ಎತ್ತಲು 1765ರಲ್ಲಿ ಸ್ಟಾಂಪ್ ಕಾಯ್ದೆ ತಂದಿತು. ಪತ್ರಿಕೆ, ಕರಾರುಪತ್ರ, ಕೊನೆಗೆ ಇಸ್ಪೀಟಿನ ಎಲೆಗಳಿಗೂ ಸುಂಕ! ನಮ್ಮ ಪ್ರತಿನಿಧಿಯೇ ಇಲ್ಲದ ಸಂಸತ್ತು ನಮ್ಮ ಮೇಲೆ ತೆರಿಗೆ ಹಾಕುವುದೆಂತು ಎಂದು ಜನ ತಿರುಗಿಬಿದ್ದರು. ಮರುವರ್ಷ ಕಾಯ್ದೆ ರದ್ದಾಯಿತು, ಪ್ರಶ್ನೆ ಉಳಿಯಿತು.

1773ರ ಚಹಾ ಕಾಯ್ದೆಯಿಂದ ಚಹಾ ಅಗ್ಗವೇ ಆಗುತ್ತಿತ್ತು, ಆದರೆ ಸಂಸತ್ತು ಹಾಕಿದ್ದ ಸುಂಕ ಹಾಗೇ ಇತ್ತು. ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಪ್ರತಿಭಟನಕಾರರು ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆಗಳನ್ನು ಒಡೆದು ಚಹಾವನ್ನು ನೀರಿಗೆ ಸುರಿದರು. ತಕರಾರು ಇದ್ದದ್ದು ಬೆಲೆಯ ಬಗ್ಗೆ ಅಲ್ಲ, ಹಕ್ಕಿನ ಬಗ್ಗೆ.

ಎರಡನೆಯದು: ಒಟ್ಟಾಗುವುದು, ಕಾದುವುದು

ಬ್ರಿಟನ್ ಬಾಸ್ಟನ್ ಬಂದರನ್ನೇ ಮುಚ್ಚಿಸಿದಾಗ ಉಳಿದವರಿಗೂ ದಿಗಿಲು ಹತ್ತಿತು. 1774ರ ಸೆಪ್ಟೆಂಬರಿನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ಮರು ಏಪ್ರಿಲಿನಲ್ಲಿ ಗುಂಡು ಹಾರಿತು, ಯುದ್ಧ ಶುರುವಾಯಿತು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕಿತು. ಎಲ್ಲ ಮನುಷ್ಯರೂ ಸಮಾನರು ಎಂದು ಅದರಲ್ಲಿ ಬರೆದ ಥಾಮಸ್ ಜೆಫರ್ಸನ್ ಸ್ವತಃ ಗುಲಾಮರ ಒಡೆಯ. ಇದನ್ನು ಬಿಟ್ಟು ಈ ಕಥೆ ಹೇಳಿದರೆ ನ್ಯಾಯವಾಗದು.

1778ರಲ್ಲಿ ಫ್ರಾನ್ಸ್ ಕೈಜೋಡಿಸಿದ್ದು ಯುದ್ಧದ ದಿಕ್ಕನ್ನು ತಿರುಗಿಸಿತು. ಅದೇ ಕಾಲಕ್ಕೆ ಮೈಸೂರಿನಲ್ಲಿ ಬ್ರಿಟಿಷರನ್ನು ಕಾಡುತ್ತಿದ್ದ ಹೈದರ್ ಅಲಿಯ ಹೆಸರು ಅಲ್ಲಿಗೂ ಮುಟ್ಟಿತ್ತು. 1782ರಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ಅವನದೇ ಹೆಸರು. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಸೇನೆಯ ನಾಯಕ ಕಾರ್ನ್‌ವಾಲಿಸ್. ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು ಇವನೇ. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು.

ಮೂರನೆಯದು: ಆಳಿಕೊಳ್ಳುವುದು

ನನ್ನ ಮಟ್ಟಿಗೆ ನಿಜವಾಗಿ ಕಠಿಣವಾದ ಹೆಜ್ಜೆ ಇದೇ. 1781ರ ಮಾರ್ಚ್ 1ರಂದು ಜಾರಿಗೆ ಬಂದ ಒಕ್ಕೂಟದ ನಿಯಮಾವಳಿ, ಅಂದರೆ ದೇಶದ ಮೊದಲ ಸಂವಿಧಾನ, ದೂರದ ಅಧಿಕಾರದ ಭಯದಲ್ಲೇ ಹುಟ್ಟಿದ್ದು. ಅಧ್ಯಕ್ಷನಿಲ್ಲ, ರಾಷ್ಟ್ರೀಯ ನ್ಯಾಯಾಲಯವಿಲ್ಲ. ದೊಡ್ಡ ರಾಜ್ಯಕ್ಕೂ ಸಣ್ಣ ರಾಜ್ಯಕ್ಕೂ ಒಂದೊಂದೇ ಮತ. ತೆರಿಗೆ ಹಾಕುವ ಅಧಿಕಾರ ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸಿಗೆ ಇರಲಿಲ್ಲ. ರಾಜ್ಯಗಳನ್ನು ಬೇಡಬೇಕು, ಅವು ಕೊಟ್ಟರೆ ಉಂಟು. ತಿದ್ದುಪಡಿಗೆ ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು. ಆಮದಿನ ಮೇಲೆ ಶೇ 5 ಸುಂಕ ಹಾಕುವ ಪ್ರಸ್ತಾವವನ್ನು 1782ರಲ್ಲಿ ಪುಟ್ಟ ರೋಡ್ ಐಲೆಂಡ್ ತಿರಸ್ಕರಿಸಿತು. ಅಲ್ಲಿಗೆ ಅದು ಬಿದ್ದುಹೋಯಿತು.

ಬೊಕ್ಕಸ ಬರಿದಾದರೆ ಸಂಬಳ ಎಲ್ಲಿಂದ? 1783ರ ಮಾರ್ಚಿನಲ್ಲಿ ನ್ಯೂಬರ್ಗ್ ಪಾಳೆಯದಲ್ಲಿ ಸೇನಾಧಿಕಾರಿಗಳು ಕುದಿಯುತ್ತಿದ್ದರು. ಸೇನಾಪತಿ ಜಾರ್ಜ್ ವಾಷಿಂಗ್ಟನ್ ಅವರೆದುರು ನಿಂತು, ಪತ್ರವೊಂದನ್ನು ಓದಲು ಕಿಸೆಯಿಂದ ಕನ್ನಡಕ ತೆಗೆದ. ಅವನು ಕನ್ನಡಕ ಹಾಕಿದ್ದನ್ನು ಹೆಚ್ಚಿನವರು ನೋಡಿರಲೇ ಇಲ್ಲ. ದೇಶಸೇವೆಯಲ್ಲಿ ಕೂದಲು ನರೆತಿದ್ದಷ್ಟೇ ಅಲ್ಲ, ಕಣ್ಣೂ ಮಂಜಾಗಿದೆ, ಮನ್ನಿಸಿ ಎಂದ. ಗಟ್ಟಿ ಎದೆಯ ಸೈನಿಕರ ಕಣ್ಣು ತುಂಬಿತು, ದಂಗೆಯ ಮಾತು ಅಲ್ಲಿಗೇ ನಿಂತಿತು.

ಆದರೆ ಕನ್ನಡಕದಿಂದ ಸಾಲ ತೀರುವುದಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ, ತೆರಿಗೆಗಳಿಂದ ನಲುಗಿದ ರೈತರು ಡೇನಿಯಲ್ ಶೇಸ್ ಮುಂತಾದವರ ಮುಂದಾಳತ್ವದಲ್ಲಿ ನ್ಯಾಯಾಲಯಗಳನ್ನು ಮುಚ್ಚಿಸಿದರು. ಅದನ್ನು ಅಡಗಿಸುವ ಶಕ್ತಿಯೂ ಕಾಂಗ್ರೆಸ್ಸಿಗಿರಲಿಲ್ಲ.

ಕೊನೆಯದು: ಮತ್ತೆ ಬರೆಯುವುದು

1787ರ ಮೇ ತಿಂಗಳಿನಿಂದ ಫಿಲಡೆಲ್ಫಿಯಾದಲ್ಲಿ 55 ಪ್ರತಿನಿಧಿಗಳು ಗುಟ್ಟಾಗಿ ಚರ್ಚಿಸಿ ಹೊಸ ಸಂವಿಧಾನ ಬರೆದರು. ಜನಸಂಖ್ಯೆಗೆ ತಕ್ಕಂತೆ ಒಂದು ಸದನ, ರಾಜ್ಯಕ್ಕಿಬ್ಬರಂತೆ ಇನ್ನೊಂದು. ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸುವ ಕ್ರೂರ ಲೆಕ್ಕವೂ ಅದರಲ್ಲಿ ಸೇರಿತು. ಜಾರಿಗೆ ಬರಲು ಒಂಬತ್ತು ರಾಜ್ಯಗಳ ಒಪ್ಪಿಗೆ ಸಾಕಿತ್ತು. 1788ರ ಜೂನ್ 21ರಂದು ಒಂಬತ್ತನೆಯ ರಾಜ್ಯ ನ್ಯೂ ಹ್ಯಾಂಪ್‌ಶೈರ್ ಒಪ್ಪಿತು. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ನ್ಯೂಯಾರ್ಕ್‌ನಲ್ಲಿ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದ. ಅದೇ ವರ್ಷದ ಜುಲೈ 4ರಂದು ಅವನು ಸಹಿ ಹಾಕಿದ್ದು ಆಮದು ಸುಂಕದ ಕಾಯ್ದೆಗೆ. ಸುಂಕ ಬಿದ್ದ ಸರಕುಗಳ ಪಟ್ಟಿಯಲ್ಲಿ ಚಹಾವೂ ಇತ್ತು.