ಹಾಡು ಯಾರ ಭಾಷೆಯಲ್ಲಿ, ಅಡುಗೆ ಯಾರ ಕೈಯಲ್ಲಿ

ನಾನು ತುಮಕೂರು ಕಡೆಯವನು. ಮನೆಯಲ್ಲೂ ಚರ್ಚಿನ ಸಭೆಯಲ್ಲೂ ಕನ್ನಡ ಒಂದೇ ಕೇಳಿ ಬೆಳೆದವನು. ಕೋಲಾರದ ನರಸಾಪುರದ ಹತ್ತಿರ ಒಂದು ಸಣ್ಣ ಸಭೆಗೆ ಪಾಸ್ಟರ್ ಆಗಿ ಬಂದೆ. ಇಲ್ಲಿ ಆರಾಧನೆ ಕನ್ನಡದಲ್ಲಿ ನಡೆಯುತ್ತಿತ್ತು. ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಎಲ್ಲರ ಬಾಯಲ್ಲೂ ತೆಲುಗು. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಬಂದ ಒಂದೆರಡು ತಮಿಳು ಮನೆಗಳೂ ಇದ್ದವು. ಆಮೇಲೆ ಹೋಂಡಾ ಕಾರ್ಖಾನೆ, ಐಫೋನ್ ಜೋಡಿಸುವ ಕಾರ್ಖಾನೆ ಎಲ್ಲ ಬಂದು ಪಿಜಿಗಳು ತುಂಬಿಕೊಂಡವು. ಜಾರ್ಖಂಡ್, ಒಡಿಶಾದ ಕೆಲವು ಹುಡುಗ ಹುಡುಗಿಯರು ಭಾನುವಾರ ನಮ್ಮ ಬಾಗಿಲಿಗೂ ಬಂದರು.

ನಾನು ಮೊದಲು ಕೈ ಹಾಕಿದ್ದು ಹಾಡಿಗೆ. ಇಲ್ಲಿನ ಹಿರಿಯರಿಗೆ ತೆಲುಗು ಕೀರ್ತನೆ ಅಂದರೆ ಪ್ರಾಣ, ಆದರೆ ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. "ಮಾತಾಡೋಕೆ ಬರುತ್ತೆ ಅಯ್ಯಾ, ಅಕ್ಷರ ಬರಲ್ಲ" ಅಂದರು ಒಬ್ಬ ಅಜ್ಜಿ. ತೆಲುಗು ಹಾಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ. ಹಿಂದಿ ಹಾಡುಗಳನ್ನೂ ಹಾಗೇ ಮಾಡಿದೆವು. ಅಜ್ಜಿಯರು ಹಿಂದಿ ಹಾಡಿದಾಗ ಆ ಹುಡುಗರ ಮುಖ ನೋಡಬೇಕಿತ್ತು! ಪ್ರಸಂಗವನ್ನು, ಅಂದರೆ ಆರಾಧನೆಯ ಬೋಧನೆಯನ್ನು, ಮಾತ್ರ ನಾಲ್ಕು ಭಾಷೆಗೆ ಎಳೆಯಲು ಹೋಗಲಿಲ್ಲ. ಕನ್ನಡದಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಹಿಂದಿಯಲ್ಲಿ ಸಾರಾಂಶ ಹೇಳುವುದು ಅವರಲ್ಲೇ ಒಬ್ಬರ ಕೆಲಸ.

ಬೇರೆ ಸಂಸ್ಕೃತಿಯವರ ಜೊತೆ ಸೇವೆ ಮಾಡುವುದು ಹೇಗೆ ಅಂತ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಉತ್ತರದವರು ಹೀಗೆ, ದಕ್ಷಿಣದವರು ಹಾಗೆ ಅನ್ನುವ ಪಟ್ಟಿ ಇರುತ್ತೆ. ನನಗೆ ಅದರಿಂದ ಪ್ರಯೋಜನವಾಗಲಿಲ್ಲ. ನಾನು ಎಲ್ಲರಿಗೂ ಎರಡೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಊರಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡುತ್ತೀರಿ? ಹೊಸ ಬೆಳೆ ಮನೆಗೆ ಬಂದರೆ ಏನು ಮಾಡುತ್ತೀರಿ? ಈ ಎರಡಕ್ಕೆ ಜನ ಸುಮ್ನೆ ಒಂದು ಮಾತಲ್ಲಿ ಉತ್ತರ ಕೊಡಲ್ಲ, ಕತೆ ಹೇಳುತ್ತಾರೆ.

ಜಾರ್ಖಂಡಿನ ಸಿಮ್ಡೇಗಾದ ಹುಡುಗಿಯರು ಹೊಸ ಅಕ್ಕಿ ಉಣ್ಣುವ ನವಾಖಾನಿ ಹಬ್ಬದ ಬಗ್ಗೆ ಹೇಳಿದ್ದು ಹೀಗೆ ಕೇಳಿದ್ದಕ್ಕೇ. ನಮ್ಮ ಸಭೆಯ ಸುಗ್ಗಿ ಹಬ್ಬ ಅವರಿಗೆ ತಕ್ಷಣ ಅರ್ಥವಾಯಿತು. ರಾಗಿ, ಅವರೆಕಾಯಿ, ನಾಟಿ ಕೋಳಿ ತಂದು ಕಾಣಿಕೆ ಇಟ್ಟು ಆಮೇಲೆ ಹರಾಜು ಹಾಕುವುದು ಮಾತ್ರ ಹೊಸದು. ಹೊಲ ಇಲ್ಲದ ನಾವು ಏನು ತರೋಣ ಅಂತ ಕೇಳಿದರು. ಮಾಂದರ್ ಡೋಲು ಬಾರಿಸಿ ಸಾಲಾಗಿ ಕೈ ಹಿಡಿದು ಕುಣಿಯುತ್ತೀರಲ್ಲ, ಅದನ್ನೇ ತನ್ನಿ ಅಂದೆ. ಒಬ್ಬ ಹಿರಿಯರು ಮುಖ ಗಂಟು ಹಾಕಿದರು. "ಹೊಸ ವಿಶ್ವಾಸಿಗಳು, ಅವರಿಗೆ ಪದ್ಧತಿ ಗೊತ್ತಿಲ್ಲ" ಅಂದರು. ಜಾರ್ಖಂಡಿನ ರಾಂಚಿಗೆ ಜರ್ಮನಿಯ ಗಾಸ್ನರ್ ಮಿಷನ್ನಿನವರು ಬಂದದ್ದು 1845ರಲ್ಲಿ, ಈ ಮಕ್ಕಳ ಅಜ್ಜನ ಅಜ್ಜನೂ ಸಭೆಯಲ್ಲಿ ಹಾಡಿದವನು ಅಂತ ಹೇಳಿದೆ. ಹಬ್ಬದ ದಿನ ಆ ಹಿರಿಯರು ಎದ್ದು ಹೋಗಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ ಅನ್ನಿ.

ಊಟದ ವಿಷಯಕ್ಕೆ ನಾನು ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಹಿಡಿದುಕೊಂಡೆ. ಆದಿ ಸಭೆಯಲ್ಲಿ ದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದರು ಅಂತ ಗೊಣಗಾಟ ಬಂತು. ಆಗ ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಹೀಗೆ ಏಳೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಕೊಟ್ಟರು ಅಂತ ನಾನು ಓದಿಕೊಳ್ಳುತ್ತೇನೆ. ಹಾಗಾಗಿ ತಿಂಗಳ ಊಟದ ಅಡುಗೆ ಈಗ ಸರದಿ ಪ್ರಕಾರ. ಒಂದು ತಿಂಗಳು ಮುದ್ದೆ, ಇನ್ನೊಂದು ತಿಂಗಳು ಜಾರ್ಖಂಡಿನವರ ಅನ್ನ, ಸೊಪ್ಪು. ದುಡ್ಡಿನ ಡಬ್ಬಿಯೂ ಅಡುಗೆ ಮಾಡುವವರ ಹತ್ತಿರವೇ ಇರುತ್ತೆ. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಹುಡುಗರಿಗೆ ಕಲಿಸಲು ಮಾತ್ರ ಯಾರಿಂದಲೂ ಆಗಿಲ್ಲ.

ಇನ್ನು ಕೆಲವು ಸಣ್ಣ ವಿಷಯ. ಕಾರ್ಖಾನೆಯ ಪಾಳಿಗೆ ಭಾನುವಾರ ಗೊತ್ತಿಲ್ಲ, ಅದಕ್ಕೇ ಸಂಜೆಯೂ ಒಂದು ಆರಾಧನೆ ಇಟ್ಟಿದ್ದೇವೆ. ಪಿಜಿ ರೂಮಿನಲ್ಲಿ ಪ್ರಾರ್ಥನಾ ಕೂಟ ಮಾಡಲ್ಲ. ಅಲ್ಲಿ ಬೇರೆ ನಂಬಿಕೆಯವರೂ ಮಲಗಿರುತ್ತಾರೆ, ಅಲ್ವಾ?

ನಿಜ ಹೇಳಬೇಕೆಂದರೆ ದೂರದವರ ಜೊತೆ ಈ ಕೆಲಸ ಸುಲಭ. ಅವರು ಬೇರೆ ಅಂತ ಗೊತ್ತಿರುವುದರಿಂದ ಕೇಳಿ ತಿಳಿದುಕೊಳ್ಳುತ್ತೇವೆ. ಕಷ್ಟ ಇರುವುದು ಊರಿನೊಳಗೆ. ದೀಕ್ಷಾಸ್ನಾನ ಆದ ಮೇಲೂ ಕೇರಿ ಬೇರೆ, ತಟ್ಟೆ ಬೇರೆ. ಒಂದು ಮನೆಯವರು ಆರಾಧನೆಗೆ ತಪ್ಪದೆ ಬರುತ್ತಾರೆ, ಎಲೆ ಹಾಕುವ ಹೊತ್ತಿಗೆ "ಹೊತ್ತಾಯ್ತು ಅಯ್ಯಾ" ಅಂತ ಹೊರಡುತ್ತಾರೆ. ಇದರ ಮೇಲೆ ಪ್ರಸಂಗ ಮಾಡಿದರೆ ಅವರು ಸಭೆಗೇ ಬರಲ್ಲ ಅಂತ ನನಗೆ ಗೊತ್ತು. ಅದಕ್ಕೆ ನಾನೇ ಅವರ ಮನೆಗೆ ಊಟಕ್ಕೆ ಹೋಗುತ್ತೇನೆ. ಪ್ರತಿ ಸಲ ಬೇರೆ ಕೇರಿಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ, ಮೊದಲೇ ಹೇಳಿಯೇ ಹೋಗುತ್ತೇನೆ. ಶುರುವಿನಲ್ಲಿ ಜಗಲಿ ಮೇಲೆ ಬಡಿಸುತ್ತಿದ್ದರು. ಈಗ ಒಳಗೆ ಕೂರಿಸುತ್ತಾರೆ. ಸಭೆಯ ಊಟಕ್ಕೆ ಮಗ, ಸೊಸೆ ಬರುತ್ತಿದ್ದಾರೆ, ಯಜಮಾನರು ಇನ್ನೂ ಬಂದಿಲ್ಲ.