ಭಯ ತಗ್ಗಿಸೋ ‘ಅಲೇ’: ಈ ಇಂಗ್ಲಿಷ್ ಪದ ಬಳಸೋದು ಹೇಗೆ?

ಇಂಗ್ಲಿಷ್ ನ್ಯೂಸ್ ಓದೋರಿಗೆ ‘ಅಲೇ’ ಅನ್ನೋ ಕ್ರಿಯಾಪದ ಯಾವಾಗಾದ್ರೂ ಕಣ್ಣಿಗೆ ಬಿದ್ದೇ ಇರುತ್ತೆ, ಜನ ಗಾಬರಿಯಾಗಿದ್ದಾಗ ಮಂತ್ರಿನೋ ಡಾಕ್ಟರೋ ಹೇಳಿಕೆ ಕೊಟ್ರೆ ಹೆಡ್‌ಲೈನ್‌ನಲ್ಲಿ ಹೆಚ್ಚಾಗಿ ಬರೋದು ಇದೇ. ಭಯ, ಆತಂಕ, ಅನುಮಾನ ಇಂಥವನ್ನ ತಗ್ಗಿಸೋದು ಅಂತ ಅರ್ಥ.

ಮೊದಲು ಸ್ಪೆಲಿಂಗ್ ಸರಿ ಮಾಡ್ಕೊಳ್ಳಿ. ಎ, ಎರಡು ಎಲ್, ಆಮೇಲೆ ಮತ್ತೆ ಎ, ಕೊನೆಗೆ ವೈ. ಆ ಎರಡನೇ ಎ ಬಿಟ್ಟುಹೋದ್ರೆ ಅದು ಮಿತ್ರ ಅನ್ನೋ ಪದ ಆಗುತ್ತೆ, ಅದರ ಜಾಗಕ್ಕೆ ಇ ಬಂದ್ರೆ ಓಣಿ! ಹೇಳುವಾಗ ಒತ್ತು ‘ಲೇ’ ಮೇಲೆ.

ಇನ್ನು ಮುಖ್ಯವಾದ ಹೆಜ್ಜೆ, ಇಲ್ಲೇ ತುಂಬಾ ಜನ ಎಡವೋದು. ಕನ್ನಡದಲ್ಲಿ ನಾವು ಮನುಷ್ಯರನ್ನ ಸಮಾಧಾನ ಮಾಡ್ತೀವಿ, ಅವರಿಗೆ ಧೈರ್ಯ ಹೇಳ್ತೀವಿ, ಅದೇ ಅಭ್ಯಾಸದಲ್ಲಿ ‘ದ ಡಾಕ್ಟರ್ ಅಲೇಡ್ ದ ಪೇಷೆಂಟ್’ ಅಂತ ಬರೆದುಬಿಡ್ತೀವಿ. ತಪ್ಪು. ಅಲೇ ಮಾಡೋದು ಭಯನ, ಭಯಪಟ್ಟೋರನ್ನಲ್ಲ. ಹಾಗಾಗಿ ‘ದ ಡಾಕ್ಟರ್ ಅಲೇಡ್ ದ ಪೇಷೆಂಟ್ಸ್ ಫಿಯರ್ಸ್’ ಅಂತ ಬರೀಬೇಕು. ವ್ಯಕ್ತಿನೇ ಹೇಳ್ಬೇಕು ಅಂದ್ರೆ ‘ರೀಅಶೂರ್’ ಇದೆಯಲ್ಲ, ಅದನ್ನ ಬಳಸಿ. ವಾಕ್ಯ ಬರೆದಾದ್ಮೇಲೆ ‘ಏನನ್ನ ಅಲೇ ಮಾಡಿದ್ರು?’ ಅಂತ ಕೇಳ್ಕೊಳ್ಳಿ, ಫಿಯರ್ಸ್, ಕನ್ಸರ್ನ್ಸ್, ಡೌಟ್ಸ್, ಸಸ್ಪಿಷನ್ಸ್ ಇಂಥ ಉತ್ತರ ಬಂದ್ರೆ ಸರಿ ಇದೆ ಅಂತ.

ಓದುವಾಗ ಅಕ್ಕಪಕ್ಕದ ಪದಗಳನ್ನೂ ನೋಡ್ಲೇಬೇಕು. ‘ಸಾಟ್ ಟು ಅಲೇ ಫಿಯರ್ಸ್’ ಅಂದ್ರೆ ಭಯ ತಗ್ಗಿಸೋಕೆ ನೋಡಿದ್ರು ಅಷ್ಟೇ, ತಗ್ಗಿತೋ ಇಲ್ವೋ ಆ ಮಾತಲ್ಲಿಲ್ಲ. ‘ಡಿಡ್ ಲಿಟಲ್ ಟು ಅಲೇ ಫಿಯರ್ಸ್’ ಅಂದ್ರಂತೂ ಹೇಳಿಕೆ ಬಂತು, ಆದ್ರೆ ಜನರ ಭಯ ಹೆಚ್ಚುಕಮ್ಮಿ ಹಾಗೇ ಉಳೀತು ಅಂತ, ಅವಸರದಲ್ಲಿ ಓದಿದ್ರೆ ಸುದ್ದಿನೇ ತಲೆಕೆಳಗಾಗಿಬಿಡುತ್ತೆ.

ಭಯ ಪೂರ್ತಿ ಹೋಯ್ತು ಅನ್ನೋಕೆ ‘ಡಿಸ್ಪೆಲ್’ ಇನ್ನೂ ಗಟ್ಟಿ ಪದ. ಅಲೇ ಅಂದ್ರೆ ಸ್ವಲ್ಪ ಕಮ್ಮಿಯಾದ್ರೂ ಸಾಕು. ಹಳೇ ಇಂಗ್ಲಿಷ್‌ನಲ್ಲಿ ಇದರ ಮೂಲಪದಕ್ಕೆ ಕೆಳಗಿಡೋದು ಅನ್ನೋ ಅರ್ಥ ಇತ್ತು, ಅದನ್ನ ನೆನಪಿಟ್ಕೊಂಡ್ರೆ ಈ ವ್ಯತ್ಯಾಸ ಮರೆಯೋದಿಲ್ಲ.

ಆಫೀಸ್ ಪತ್ರ, ವರದಿ, ಪರೀಕ್ಷೆ ಪ್ರಬಂಧ, ಇಲ್ಲೆಲ್ಲ ಧಾರಾಳವಾಗಿ ಬಳಸಿ. ಫ್ರೆಂಡ್ ಅಳ್ತಾ ಕೂತಿದ್ರೆ ಮಾತ್ರ ‘ಡೋಂಟ್ ವರಿ’ ಅನ್ನಿ, ಅಲ್ಲಿ ಈ ಪದ ತೀರಾ ಬಿಗಿಯಾಗಿ ಕೇಳ್ಸುತ್ತೆ.